ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ರೋಮ್ ಹೊಳಪು ಎಲ್ಲಿಗೋ ಹೋಗುತ್ತೆ, ಕೆಸರು ಎಲ್ಲಿ ಉಳಿಯುತ್ತೆ?

ಹೋದ ಸಂಚಿಕೇಲಿ ಪ್ಲೇಟಿಂಗ್ (ಕರೆಂಟು ಹರಿಸಿ ಒಂದು ವಸ್ತುವಿನ ಮೇಲೆ ಲೋಹದ ತೆಳು ಪದರ ಕೂರಿಸೋದು) ಬಗ್ಗೆ ಬಂದ ಒಂದು ಪ್ರಶ್ನೆಗೆ ನಾನು "ಯುರೋಪಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಬ್ಯಾನ್ ಆಗಿದೆ" (ಪ್ಲೇಟಿಂಗ್ ತೊಟ್ಟೀಲಿರೋ, ವಿಷದ ರೂಪದ ಕ್ರೋಮಿಯಂ ಅದು) ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಿಬಿಟ್ಟಿದ್ದೆ. ಅದು ಅವಸರದ ಮಾತು, ತಪ್ಪೂ ಹೌದು. ಅದನ್ನ ಹಿಡಿದು ಕೇಳಿದ ಪತ್ರಗಳು ಬಹಳ ಬಂದಿವೆ, ಅದಕ್ಕೇ ಈ ಸಲ ಇಡೀ ಪುಟ ಈ ವಿಷಯಕ್ಕೆ. ನಾನು ಹದಿನೆಂಟು ವರ್ಷ ಪ್ಲೇಟಿಂಗ್ ಕೆಲಸದಲ್ಲಿದ್ದವನು, ಅದರಲ್ಲಿ ಹೆಚ್ಚು ಕಾಲ ಕಳೆದಿದ್ದು ಕೊಳಕು ನೀರು ಟ್ರೀಟ್ ಮಾಡೋ ಕಡೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆದ್ರೆ ಸಹಿಸ್ಕೊಳ್ಳಿ.

ಪ್ರಶ್ನೆ: ಸಾರ್, ಬ್ಯಾನ್ ಆಗಿದೆ ಅಂತೀರ, ಆದ್ರೆ ಯುರೋಪಿನ ಎಷ್ಟೋ ಕಡೆ ಈಗಲೂ ಕ್ರೋಮ್ ಪ್ಲೇಟಿಂಗ್ ನಡೀತಿದೆಯಲ್ಲ, ಅದು ಹೇಗೆ?

ನಡೀತಿದೆ, ನೀವು ಹೇಳಿದ್ದೇ ಸರಿ. ಯುರೋಪಿಯನ್ ಯೂನಿಯನ್ನಲ್ಲಿ ಕೆಮಿಕಲ್‌ಗಳಿಗೆ ರೀಚ್ ಅಂತ ಒಂದು ಕಾನೂನಿದೆ, 2007ರಿಂದ ಜಾರಿಯಲ್ಲಿದೆ. ಅದರಲ್ಲಿ ಒಂದು ಪಟ್ಟಿ ಇದೆ, ಆ ಪಟ್ಟಿಗೆ ಸೇರಿದ ಕೆಮಿಕಲ್ಲನ್ನ ಒಂದು ಗಡುವಿನ ಆಚೆಗೆ ಬಳಸ್ಬೇಕು ಅಂದ್ರೆ ವಿಶೇಷ ಪರ್ಮಿಷನ್ ಬೇಕು. ಕ್ರೋಮ್ ತೊಟ್ಟಿಗೆ ಹಾಕೋ ಕ್ರೋಮಿಯಂ ಟ್ರೈಆಕ್ಸೈಡ್, ಅಂದ್ರೆ ಕೆಲಸದವರ ಬಾಯಲ್ಲಿ ಕ್ರೋಮಿಕ್ ಆಸಿಡ್, 2013ರಲ್ಲಿ ಆ ಪಟ್ಟಿಗೆ ಸೇರ್ತು, ಗಡುವು 2017ರ ಸೆಪ್ಟೆಂಬರ್ 21. ಹಾಗಂತ ಮಾರನೇ ದಿನವೇ ತೊಟ್ಟಿಗಳೆಲ್ಲ ಖಾಲಿ ಆಗ್ಲಿಲ್ಲ, ಯಾಕಂದ್ರೆ ಗಡುವಿಗೆ ಮುಂಚೆಯೇ ಅರ್ಜಿ ಹಾಕಿದೋರು ತೀರ್ಮಾನ ಬರೋವರೆಗೂ ಕೆಲಸ ಮುಂದುವರಿಸಬಹುದಿತ್ತು. ಕೆಮಿಕಲ್ ಸಪ್ಲೈ ಮಾಡೋ ಕೆಲವು ಕಂಪನಿಗಳು ಒಟ್ಟಾಗಿ ತಮ್ಮ ಗಿರಾಕಿಗಳೆಲ್ಲರ ಪರವಾಗಿ ಒಂದೇ ದೊಡ್ಡ ಅರ್ಜಿ ಹಾಕಿದ್ವು, 2020ರ ಡಿಸೆಂಬರಲ್ಲಿ ಯುರೋಪಿಯನ್ ಕಮಿಷನ್ ಅದಕ್ಕೆ ಒಪ್ಪಿಗೆ ಕೊಡ್ತು. ಒಪ್ಪಿಗೆ ಕೊಟ್ಟಿದ್ದನ್ನ ಪ್ರಶ್ನಿಸಿ ಕೋರ್ಟಿಗೆ ಹೋಗಿದ್ದು ಯುರೋಪಿಯನ್ ಪಾರ್ಲಿಮೆಂಟೇ! 2023ರ ಏಪ್ರಿಲ್ 20ಕ್ಕೆ ಅಲ್ಲಿನ ಕೋರ್ಟು ಆ ಒಪ್ಪಿಗೆಯನ್ನ ರದ್ದು ಮಾಡ್ತು, ಹೊಸ ತೀರ್ಮಾನಕ್ಕೆ ಒಂದು ವರ್ಷ ಟೈಮ್ ಕೊಡ್ತು. ಆಮೇಲೆ 2025ರ ಏಪ್ರಿಲಲ್ಲಿ ಹೆಲ್ಸಿಂಕಿಯಲ್ಲಿರೋ ಯುರೋಪಿನ ಕೆಮಿಕಲ್ ಏಜೆನ್ಸಿ ಬೇರೆ ದಾರಿ ಸೂಚಿಸ್ತು. ಒಬ್ಬೊಬ್ಬರಿಗೂ ಪರ್ಮಿಷನ್ ಕೊಡ್ತಾ ಕೂರೋ ಬದಲು ಸಾಮಾನ್ಯವಾಗಿ ನಿಷೇಧ ಹಾಕೋದು, ಗಾಳಿಗೂ ನೀರಿಗೂ ಇಷ್ಟಕ್ಕಿಂತ ಹೆಚ್ಚು ಬಿಡಲ್ಲ, ಕೆಲಸದವರ ಉಸಿರಿಗೆ ಇಷ್ಟಕ್ಕಿಂತ ಹೆಚ್ಚು ಹೋಗಲ್ಲ ಅಂತ ತೋರಿಸೋ ಕೆಲವು ಬಗೆಯ ಕೆಲಸಕ್ಕೆ ಮಾತ್ರ ವಿನಾಯ್ತಿ ಕೊಡೋದು.

ಅಂದ್ರೆ "ಬ್ಯಾನ್" ಅಂತ ಒಂದು ಪದದಲ್ಲಿ ಹೇಳಿಬಿಡೋ ವಿಷಯ ಇದಲ್ಲ, ನಾನು ಹಾಗೆ ಬರೀಬಾರದಿತ್ತು.

ಪ್ರಶ್ನೆ: ಕ್ರೋಮ್ ಇಷ್ಟು ವಿಷ ಅಂದ್ರೆ ದಿನಾ ಮುಟ್ಟೋ ನಲ್ಲಿ, ಬಾಗಿಲ ಹಿಡಿ ಇವೆಲ್ಲ ಅಪಾಯನಾ? ನಮ್ಮ ತಾಯಿ ಓದಿ ಗಾಬರಿ ಆಗಿದಾರೆ.

ತಾಯಿಯವರಿಗೆ ಹೇಳಿ, ನಲ್ಲಿ ಮುಟ್ಟೋದಕ್ಕೆ ಹೆದರಬೇಕಿಲ್ಲ. ನಲ್ಲಿ ಮೇಲಿರೋದು ಲೋಹದ ರೂಪದ ಕ್ರೋಮಿಯಂ. ವಿಷ ಇರೋದು ತೊಟ್ಟಿಯೊಳಗಿನ ಹೆಕ್ಸಾವೇಲೆಂಟ್ ಕ್ರೋಮಿಯಂನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅನ್ನೋದು ಖಚಿತವಾದ ಮೊದಲನೇ ಗುಂಪಿಗೆ ಸೇರಿಸಿದೆ. ಕರೆಂಟು ಹರಿಸಿದಾಗ ಅದೇ ಕ್ರೋಮಿಯಂ ಲೋಹವಾಗಿ ನಲ್ಲಿ ಮೇಲೆ ಕೂರುತ್ತೆ, ತೊಳೆದು ಒರೆಸಿ ಡಬ್ಬಿಗೆ ಹಾಕೋ ಹೊತ್ತಿಗೆ ಅದರಲ್ಲಿ ಹೆಕ್ಸಾವೇಲೆಂಟ್ ಇರಲ್ಲ.

ಈಗ ಇದನ್ನ ಸ್ವಲ್ಪ ಯೋಚಿಸಿ ನೋಡಿ, ಯಾಕಂದ್ರೆ ಬೇರೆ ಬೇರೆ ದೇಶದ ಕಾನೂನಿನ ಗೋಜಲೆಲ್ಲ ಶುರುವಾಗೋದು ಇಲ್ಲಿಂದಲೇ ಅಂತ ನನಗನ್ಸುತ್ತೆ. ಕೈಗೆ ಬಂದ ವಸ್ತು ಕ್ಲೀನ್, ಅದನ್ನ ಮಾಡಿದ ಜಾಗ ಮಾತ್ರ ಕ್ಲೀನ್ ಅಲ್ಲ. ರೀಚ್ ಪರ್ಮಿಷನ್ ಬೇಕಾಗೋದು ಯುರೋಪಿನ ಒಳಗೆ ತೊಟ್ಟಿ ಇಟ್ಕೊಂಡು ಕ್ರೋಮಿಕ್ ಆಸಿಡ್ ಬಳಸೋರಿಗೆ, ಹೊರಗಡೆ ಕ್ರೋಮ್ ಮಾಡಿಸ್ಕೊಂಡು ಬಂದ ನಲ್ಲಿಗೆ ಅದು ಅನ್ವಯ ಆಗಲ್ಲ. ಬಂದರಲ್ಲಿ ಆ ನಲ್ಲೀನ ಯಾವ ಲ್ಯಾಬಿಗೆ ಕೊಟ್ರೂ ಸಿಗೋದು ಬರೀ ಲೋಹ. ಅದನ್ನ ಮಾಡಿದ ಶಾಪಲ್ಲಿ ಟ್ಯಾಂಕಿಗೆ ಎಕ್ಸಾಸ್ಟ್ ಇತ್ತಾ, ತೊಳೆದ ನೀರು ಟ್ರೀಟ್ ಆಗಿ ಹೋಯ್ತಾ ಇಲ್ಲ ಹಾಗೇ ಚರಂಡಿಗೆ ಹೋಯ್ತಾ, ಅದನ್ನ ಆ ವಸ್ತು ಹೇಳಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರೋ ಇನ್ನೊಂದು ಕಥೆ ಇದೆ. ಹಳೇ ಬೋಲ್ಟು, ಕ್ಲಿಪ್ಪುಗಳ ಮೇಲೆ ಕಾಮನಬಿಲ್ಲಿನ ಥರ ಹಳದಿ ಛಾಯೆ ನೋಡಿರ್ತೀರಲ್ಲ, ಅದು ಜಿಂಕ್ ಪ್ಲೇಟಿಂಗ್ ಮೇಲೆ ಕೊಡೋ ಕ್ರೋಮೇಟ್ ಪಾಸಿವೇಶನ್, ಅಂದ್ರೆ ತುಕ್ಕು ಹಿಡೀದಿರಲಿ ಅಂತ ಕೊಡೋ ರಾಸಾಯನಿಕ ಪದರ. ಆ ತೆಳು ಪದರದಲ್ಲಿ ಹೆಕ್ಸಾವೇಲೆಂಟ್ ಹಾಗೇ ಉಳಿದಿರುತ್ತೆ, ಅಂದ್ರೆ ವಿಷ ವಸ್ತುವಿನ ಜೊತೆಗೇ ಗಡಿ ದಾಟುತ್ತೆ. ಹಾಗಾಗಿ ಯುರೋಪು ಎಲೆಕ್ಟ್ರಾನಿಕ್ಸ್ ಸಾಮಾನಿಗೆ ರೋಹ್ಸ್ ಅನ್ನೋ ನಿಯಮ ತಂದು 2006ರ ಜುಲೈ 1ರಿಂದ ಹೆಕ್ಸಾವೇಲೆಂಟ್ ಕ್ರೋಮಿಯಂ 0.1 ಪರ್ಸೆಂಟ್ ದಾಟಬಾರದು ಅಂದಾಗ, ಅದರ ಮರು ವರ್ಷ ಕಾರುಗಳಿಗೂ ಅಂಥದ್ದೇ ನಿಯಮ ಬಂದಾಗ, ಜಗತ್ತಿನ ಯಾವುದೋ ಮೂಲೇಲಿ ಬೋಲ್ಟಿಗೆ ಜಿಂಕ್ ಹಾಕ್ತಿದ್ದೋರೂ ತಮ್ಮ ತೊಟ್ಟಿ ಬದಲಾಯಿಸಲೇಬೇಕಾಯ್ತು. ಎಷ್ಟೋ ದೇಶಗಳು ಅದಕ್ಕೆ ತಮ್ಮದೇ ಕಾನೂನು ಮಾಡೋಕ್ಕಿಂತ ಮುಂಚೇನೇ ಅಲ್ಲಿನ ಶಾಪುಗಳಲ್ಲಿ ಹಳದಿ ಹೋಗಿ ನೀಲಿ ಛಾಯೆಯ ಟ್ರೈವೇಲೆಂಟ್ (ಕ್ರೋಮಿಯಂನ ಇನ್ನೊಂದು, ವಿಷ ಬಹಳ ಕಮ್ಮಿ ಇರೋ ರೂಪ) ಪಾಸಿವೇಶನ್ ಬಂತು, ಗಿರಾಕಿಯ ಡ್ರಾಯಿಂಗಲ್ಲೇ ಹಾಗಂತ ಬರೆದು ಬರ್ತಿತ್ತು. ವಸ್ತುವಿನಲ್ಲಿ ಉಳಿಯೋ ವಿಷಕ್ಕೆ ಕೊಳ್ಳೋ ದೇಶದ ಕಾನೂನು ಎಲ್ಲಿಗೆ ಬೇಕಾದ್ರೂ ಮುಟ್ಟುತ್ತೆ, ತೊಟ್ಟಿಯಲ್ಲೇ ಉಳಿಯೋ ವಿಷಕ್ಕೆ ಮುಟ್ಟಲ್ಲ.

ಪ್ರಶ್ನೆ: ನಾನು ಪರಿಸರ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಪ್ಲೇಟಿಂಗ್ ನೀರಿಗೆ ಅತಿ ಕಠಿಣ ಕಾನೂನು ಯಾವ ದೇಶದ್ದು? ಅಮೆರಿಕ ಅಂತ ನಮ್ಮ ಕ್ಲಾಸಲ್ಲಿ ಎಲ್ರೂ ಹೇಳ್ತಾರೆ.

ಅಂಕಿ ನೋಡಿದ್ರೆ ನಿಮ್ಮ ಕ್ಲಾಸಿಗೆ ಆಶ್ಚರ್ಯ ಆಗುತ್ತೆ ಕಣಮ್ಮ. ನಿಕಲ್ ಒಂದನ್ನೇ ತಗೋ. ಅಮೆರಿಕದ ಫೆಡರಲ್ ನಿಯಮದಲ್ಲಿ ಮೆಟಲ್ ಫಿನಿಶಿಂಗ್ ನೀರಿಗೆ ಒಂದು ದಿನದ ಗರಿಷ್ಠ ಮಿತಿ ಲೀಟರಿಗೆ 3.98 ಮಿಲಿಗ್ರಾಂ, ತಿಂಗಳ ಸರಾಸರಿ 2.38. 1980ರ ದಶಕದಲ್ಲಿ ಮಾಡಿದ್ದು. ಭಾರತದ ಪರಿಸರ ಸಂರಕ್ಷಣಾ ನಿಯಮದಲ್ಲಿ 3. ಜರ್ಮನಿಯಲ್ಲಿ 0.5. ಚೀನಾ 2008ರಲ್ಲಿ ಪ್ಲೇಟಿಂಗಿಗೇ ಅಂತ ಪ್ರತ್ಯೇಕವಾಗಿ ತಂದ ಸ್ಟ್ಯಾಂಡರ್ಡಲ್ಲೂ ಹೊಸ ಘಟಕಗಳಿಗೆ 0.5, ಪರಿಸರ ಸೂಕ್ಷ್ಮ ಅಂತ ಗುರುತಿಸಿದ ಪ್ರದೇಶಗಳಲ್ಲಿ 0.1. ಅಂದ್ರೆ ಕಾಗದದ ಮೇಲೆ ಚೀನಾದ ಸೂಕ್ಷ್ಮ ಪ್ರದೇಶದ ನಿಕಲ್ ಮಿತಿ ಅಮೆರಿಕದ ಫೆಡರಲ್ ಮಿತಿಗಿಂತ ಸುಮಾರು 40 ಪಟ್ಟು ಬಿಗಿ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಭಾರತದ್ದೂ ಜರ್ಮನಿಯದ್ದೂ ಒಂದೇ ಅಂಕಿ, 0.1. ಜಪಾನ್ 2024ರ ಏಪ್ರಿಲಲ್ಲಿ 0.5ರಿಂದ 0.2ಕ್ಕೆ ಇಳಿಸ್ತು, ಆದ್ರೆ ಪ್ಲೇಟಿಂಗ್ ಶಾಪುಗಳಿಗೆ ಮೂರು ವರ್ಷ ಹಳೇ 0.5 ಇಟ್ಕೊಳ್ಳೋಕೆ ಬಿಡ್ತು, ಪುಟ್ಟ ಪುಟ್ಟ ಶಾಪುಗಳು ಏಕಾಏಕಿ ಅಲ್ಲಿಗೆ ಇಳಿಯೋಕಾಗಲ್ಲ ಅಂತ.

ಅಮೆರಿಕದ ಬಗ್ಗೆ ಅನ್ಯಾಯದ ಮಾತು ಆಡಬಾರದು, ಫೆಡರಲ್ ಅಂಕಿ ಬರೀ ತಳಪಾಯ, ಅದರ ಮೇಲೆ ರಾಜ್ಯಗಳು, ಊರಿನ ಒಳಚರಂಡಿ ಪ್ರಾಧಿಕಾರಗಳು ಇನ್ನೂ ಬಿಗಿಯಾದ ಮಿತಿ ಹಾಕಬಹುದು, ಹಾಕ್ತವೆ. ಮತ್ತೆ ಗಾಳಿ ವಿಚಾರಕ್ಕೆ ಬಂದ್ರೆ ಅಮೆರಿಕವೇ ಮುಂದಿತ್ತು. ಕೆಲಸದ ಜಾಗದ ಗಾಳೀಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ ದಾಟಬಾರದು ಅಂತ ಅವರು 2006ರಲ್ಲೇ ಮಾಡಿದ್ರು, ಇಡೀ ಯುರೋಪಿಯನ್ ಯೂನಿಯನ್ ಆ ಅಂಕಿಗೆ ಬಂದಿದ್ದು 2025ರ ಜನವರೀಲಿ. ಫ್ರಾನ್ಸ್ ಮಾತ್ರ ತನ್ನಷ್ಟಕ್ಕೆ ಮುಂಚೇನೇ 1ಕ್ಕೆ ಇಳಿಸ್ಕೊಂಡಿತ್ತು.

ಇನ್ನೊಂದು ಮಾತು, ಪರೀಕ್ಷೆಗೆ ಇರಲಿ ಬಿಡಲಿ ಮನಸಲ್ಲಿಟ್ಕೋ. ಲೀಟರಿಗೆ ಇಷ್ಟು ಅನ್ನೋ ಮಿತಿ ಒಂದೇ ಇದ್ರೆ ಅದಕ್ಕೆ ಸುಲಭದ ಕಳ್ಳದಾರಿ ಅಂದ್ರೆ ನೀರು ಬೆರೆಸೋದು. ಪಕ್ಕದ ಕೂಲಿಂಗ್ ನೀರಿನ ಪೈಪನ್ನ ತಂದು ಔಟ್‌ಲೆಟ್ಟಿಗೆ ಸೇರಿಸಿದ್ರೆ ಅಂಕಿ ಇಳಿಯುತ್ತೆ, ನದಿಗೆ ಹೋಗೋ ನಿಕಲ್ ಒಂದು ಗ್ರಾಂ ಕೂಡ ಕಮ್ಮಿ ಆಗಿರಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆ ಸ್ಯಾಂಪಲ್ ತಗೊಳ್ಳೋರು ಬರ್ತಾರೆ ಅಂದ ದಿನ ಬೆಳಗ್ಗೆಯೇ ಒಂದು ವಾಲ್ವ್ ಪೂರ್ತಿ ತೆಗೆದಿಡ್ತಿದ್ರು, ಅದ್ಯಾಕೆ ಅಂತ ನನಗೆ ಅರ್ಥ ಆಗೋಕೆ ಎರಡು ತಿಂಗಳು ಬೇಕಾಯ್ತು, ಅರ್ಥ ಆದ ದಿನ ರಾತ್ರಿ ನಿದ್ದೆ ಬರ್ಲಿಲ್ಲ. ಇದಕ್ಕೇ ಜರ್ಮನಿಯಲ್ಲಿ ನೀರು ಬೆರೆಸಿ ಮಿತಿ ಮುಟ್ಟೋ ಹಾಗಿಲ್ಲ ಅಂತ ನಿಯಮದಲ್ಲೇ ಇದೆ. ಚೀನಾದ ಸ್ಟ್ಯಾಂಡರ್ಡಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಚದರ ಮೀಟರ್ ಪ್ಲೇಟಿಂಗಿಗೆ ಇಷ್ಟು ಲೀಟರ್ ನೀರು ಅಂತ ಲೆಕ್ಕ ಕಟ್ಟಿದಾರೆ, ಹೊಸ ಘಟಕದಲ್ಲಿ ಒಂದೇ ಪದರಕ್ಕೆ 200, ಹಲವು ಪದರಕ್ಕೆ 500. ಅದಕ್ಕಿಂತ ಹೆಚ್ಚು ನೀರು ಬಿಟ್ರೆ ಬೆರೆಸಿದ ನೀರನ್ನ ಕಳೆದು ಅಂಕಿ ಮತ್ತೆ ಲೆಕ್ಕ ಹಾಕ್ತಾರೆ. ನನ್ನ ಕಣ್ಣಿಗೆ ಕಾನೂನಿನ ಜಾಣತನ ಕಾಣೋದು 0.1, 0.5ರಲ್ಲಿ ಅಲ್ಲ, ಇಂಥ ಸಾಲುಗಳಲ್ಲಿ. ಸ್ಯಾಂಪಲ್ ಎಲ್ಲಿ ತಗೋತಾರೆ, ಎಷ್ಟು ಸಲ ತಗೋತಾರೆ, ಹೇಳಿ ಬರ್ತಾರಾ ಹೇಳದೆ ಬರ್ತಾರಾ, ನಿನ್ನ ಪ್ರಾಜೆಕ್ಟಿಗೆ ದೇಶ ದೇಶ ಹೋಲಿಸೋದಾದ್ರೆ ಇವನ್ನೇ ಹೋಲಿಸಮ್ಮ.

ಪ್ರಶ್ನೆ: ಕಾನೂನು ಬಿಗಿ ಆದಾಗೆಲ್ಲ ಪ್ಲೇಟಿಂಗ್ ಬಡ ದೇಶಕ್ಕೆ ಓಡಿಹೋಗುತ್ತೆ ಅನ್ನೋದು ನಿಜನಾ?

ಸ್ವಲ್ಪ ನಿಜ. ನಲ್ಲಿ, ಹ್ಯಾಂಡಲ್, ಪ್ಲಾಸ್ಟಿಕ್ ಮೇಲಿನ ಕ್ರೋಮ್ ಥರದ ಹಗುರ ಸಾಮಾನು ಎಲ್ಲಿ ಬೇಕಾದ್ರೂ ಮಾಡಿಸಿ ಹಡಗಿಗೆ ಹಾಕಬಹುದು, ಅದು ಹೋಗಿದೆ ಕೂಡ. ಆದ್ರೆ ವಿಮಾನದ ಲ್ಯಾಂಡಿಂಗ್ ಗೇರ್, ಹೈಡ್ರಾಲಿಕ್ ರಾಡ್ ಇಂಥವಕ್ಕೆ ಪ್ಲೇಟಿಂಗ್ ಶಾಪ್ ಹತ್ತಿರವೇ ಇರ್ಬೇಕು, ಅಪ್ರೂವಲ್ ಬೇಕು, ಅವು ಅಷ್ಟು ಸುಲಭಕ್ಕೆ ಕದಲಲ್ಲ. ಕೂಲಿ, ಕರೆಂಟು, ಅಸೆಂಬ್ಲಿ ಎಲ್ಲಿ ನಡೆಯುತ್ತೆ ಇವೆಲ್ಲ ಸೇರಿ ತೀರ್ಮಾನ ಆಗುತ್ತೆ, ನೀರು ಟ್ರೀಟ್ ಮಾಡೋ ಖರ್ಚು ಅದರಲ್ಲಿ ಒಂದು.

ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಅಪಾಯಕಾರಿ ತ್ಯಾಜ್ಯ ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸೋದನ್ನ ಹಿಡಿತದಲ್ಲಿಡೋಕೆ 1989ರಲ್ಲಿ ಬಾಸೆಲ್ ಒಪ್ಪಂದ ಆಯ್ತಲ್ಲ, ಅದರ ಪಟ್ಟೀಲಿ ಲೋಹ ಮತ್ತು ಪ್ಲಾಸ್ಟಿಕ್ ಮೇಲ್ಮೈ ಸಂಸ್ಕರಣೆಯ ತ್ಯಾಜ್ಯಕ್ಕೇ ಅಂತ ಪ್ರತ್ಯೇಕ ನಂಬರ್ ಇದೆ, ವೈ 17. ಅಂದ್ರೆ ನೀರು ಟ್ರೀಟ್ ಮಾಡಿದ ಮೇಲೆ ಉಳಿಯೋ ಪ್ಲೇಟಿಂಗ್ ಕೆಸರು ಒಂದು ಡ್ರಮ್ ಆದ್ರೂ ಅದನ್ನ ಗಡಿ ದಾಟಿಸೋಕೆ ಎರಡೂ ಕಡೆಯ ಸರ್ಕಾರಕ್ಕೆ ಮೊದಲೇ ತಿಳಿಸಿ ಬರವಣಿಗೇಲಿ ಒಪ್ಪಿಗೆ ತಗೋಬೇಕು, ಆದ್ರೆ ಅದೇ ಕೆಸರು ಹುಟ್ಟಿಸೋ ಜಾಬ್ ವರ್ಕನ್ನ ಆಚೆ ಕಳಿಸೋಕೆ ಒಂದು ಪರ್ಚೇಸ್ ಆರ್ಡರ್ ಸಾಕು.

ಶ್ರೀಮಂತ ದೇಶ ಅಂದ್ಕೂಡ್ಲೆ ಅಲ್ಲಿ ಎಲ್ಲ ಸರಿ ಇದೆ ಅಂತಲೂ ತಿಳೀಬೇಡಿ. ಅಮೆರಿಕದ ಮಿಷಿಗನ್ ರಾಜ್ಯದ ಮ್ಯಾಡಿಸನ್ ಹೈಟ್ಸಲ್ಲಿ 2019ರ ಡಿಸೆಂಬರ್ 20ರಂದು ಐ-696 ಹೆದ್ದಾರಿಯ ಪಕ್ಕದ ತಡೆಗೋಡೆಯಿಂದ ಹಸಿರು ರಸ ಜಿನುಗಿ ರಸ್ತೆಗೆ ಇಳೀತು. ಹುಡುಕ್ಕೊಂಡು ಹೋದ್ರೆ ಮೇಲ್ಗಡೆ 2016ರಲ್ಲೇ ಸರ್ಕಾರ ಮುಚ್ಚಿಸಿದ್ದ ಒಂದು ಪ್ಲೇಟಿಂಗ್ ಶಾಪು, ಅದರ ನೆಲಮಾಳಿಗೇಲಿ ಮಣ್ಣಲ್ಲಿ ತೋಡಿದ ಗುಂಡಿ, ಅದರೊಳಗೆ ಹೆಕ್ಸಾವೇಲೆಂಟ್ ಕ್ರೋಮಿಯಂ ತುಂಬಿದ ನೀರು. ಬೀಗ ಹಾಕಿ, ಡ್ರಮ್ಮುಗಳನ್ನ ಸಾಗಿಸಿದ ಮೇಲೂ ನೆಲದೊಳಗಿನದು ಅಲ್ಲೇ ಇತ್ತು, ಮಾಲೀಕನಿಗೆ ಜೈಲೂ ಆಯ್ತು. ಕಾನೂನು ಇತ್ತು, ಇಲಾಖೆ ಇತ್ತು, ದುಡ್ಡೂ ಇತ್ತು, ಆ ಗುಂಡಿಯೂ ಇತ್ತು.

ಪ್ರಶ್ನೆ: ಟ್ರೈವೇಲೆಂಟ್ ಕ್ರೋಮ್ ಇದೆಯಲ್ಲ, ಎಲ್ರೂ ಅದಕ್ಕೇ ಬದಲಾದ್ರೆ ಮುಗೀತಲ್ವಾ?

ಅಲಂಕಾರದ ಕ್ರೋಮಿಗಾದ್ರೆ ಬಹಳ ಮಟ್ಟಿಗೆ ಹೌದು. ಟ್ರೈವೇಲೆಂಟ್ ತೊಟ್ಟಿಗಳು 1970ರ ದಶಕದಿಂದಲೂ ಮಾರ್ಕೆಟ್ಟಲ್ಲಿವೆ. ಮುಂಚೆ ಬಣ್ಣ ಸ್ವಲ್ಪ ಕಪ್ಪಗೆ ಬರ್ತಿತ್ತು, ಹಳೇ ಪೀಸಿನ ಪಕ್ಕ ಇಟ್ರೆ ಎದ್ದು ಕಾಣ್ತಿತ್ತು, ಗಿರಾಕಿ ವಾಪಸ್ ಕಳಿಸ್ತಿದ್ದ. ಈಗ ಎಷ್ಟೋ ಸುಧಾರಿಸಿದೆ. ಕಷ್ಟ ಇರೋದು ಹಾರ್ಡ್ ಕ್ರೋಮಲ್ಲಿ, ಸವೆಯಬಾರದು ಅಂತ ರಾಡು, ರೋಲರುಗಳಿಗೆ ದಪ್ಪಗೆ ಹಾಕೋದು, ಅಷ್ಟು ದಪ್ಪದಲ್ಲಿ ಅದೇ ಗಡಸುತನ ಟ್ರೈವೇಲೆಂಟಲ್ಲಿ ತರೋದು ಇವತ್ತಿಗೂ ಸುಲಭ ಅಲ್ಲ. ಕ್ಯಾಲಿಫೋರ್ನಿಯಾ 2023ರ ಮೇ ತಿಂಗಳಲ್ಲಿ ಮಾಡಿದ ನಿಯಮದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ, ಅಲಂಕಾರದ ಹೆಕ್ಸ್ ಕ್ರೋಮಿಗೆ 2027ರ ಜನವರಿ 1 ಕೊನೆ, ಕೆಲವು ಷರತ್ತು ಪಾಲಿಸೋರಿಗೆ 2030, ಹಾರ್ಡ್ ಕ್ರೋಮ್ ಥರದ ಕೆಲಸದ ಪ್ಲೇಟಿಂಗಿಗೆ 2039. ಅಮೆರಿಕದ ಬೇರೆ ರಾಜ್ಯಗಳಲ್ಲಿ ಅಂಥ ಗಡುವಿಲ್ಲ, ಹಾಗಾಗಿ ರಾಜ್ಯದ ಗಡಿ ದಾಟಿದ್ರೆ ಅದೇ ತೊಟ್ಟಿ ಓಡಿಸಬಹುದು. ಒಂದೇ ದೇಶದೊಳಗೇ ಹೀಗೆ.

ಟ್ರೈವೇಲೆಂಟ್ ಅಂದ್ರೆ ತೀರ್ಥ ಅಂತಲೂ ಅಲ್ಲ. ಆ ತೊಟ್ಟಿಗೆ ಸಾಮಾನ್ಯವಾಗಿ ಬೋರಿಕ್ ಆಸಿಡ್ ಹಾಕ್ತಾರೆ, ಯುರೋಪಲ್ಲಿ ಅದನ್ನೂ ಸಂತಾನಶಕ್ತಿಗೆ ಹಾನಿ ಅಂತ ಗುರುತಿಸಿದಾರೆ. ಲೋಹವನ್ನ ಬಿಗಿಯಾಗಿ ಹಿಡಿದಿಟ್ಟುಕೊಳ್ಳೋ ಕೆಮಿಕಲ್‌ಗಳೂ ಇರ್ತವೆ, ಅದರಿಂದ ನೀರು ಟ್ರೀಟ್ ಮಾಡುವಾಗ ಕ್ರೋಮಿಯಂ ತಳಕ್ಕೆ ಕೂರೋಕೆ ಹಠ ಮಾಡುತ್ತೆ. ಆದ್ರೂ ಟ್ಯಾಂಕ್ ಪಕ್ಕ ನಿಂತು ಉಸಿರಾಡೋ ಮನುಷ್ಯನ ಲೆಕ್ಕದಲ್ಲಿ ಎರಡಕ್ಕೂ ಅಜಗಜಾಂತರ, ಅದರಲ್ಲಿ ನನಗೆ ಅನುಮಾನ ಇಲ್ಲ.

ಪ್ರಶ್ನೆ: ಕ್ರೋಮ್ ಟ್ಯಾಂಕಿಗೆ ನೊರೆ ಬರೋ ಕೆಮಿಕಲ್ ಹಾಕ್ತಾರಲ್ಲ, ಅದಕ್ಕೂ ಈಗ ನಿಷೇಧ ಅಂತ ಕೇಳಿದೆ. ನಿಜವಾ?

ಕ್ರೋಮ್ ತೊಟ್ಟೀಲಿ ಹರಿಸಿದ ಕರೆಂಟಲ್ಲಿ ಲೋಹ ಕೂರಿಸೋಕೆ ಖರ್ಚಾಗೋದು ಬರೀ 10ರಿಂದ 20 ಪರ್ಸೆಂಟ್, ಮಿಕ್ಕಿದ್ದರಲ್ಲಿ ಬಹುಪಾಲು ಹೈಡ್ರೋಜನ್ ಗುಳ್ಳೆ ಆಗಿ ಮೇಲೆ ಬರುತ್ತೆ, ಒಂದೊಂದು ಗುಳ್ಳೆ ಒಡೆದಾಗ್ಲೂ ಕ್ರೋಮಿಕ್ ಆಸಿಡ್ಡಿನ ಸಣ್ಣ ಹನಿ ಗಾಳಿಗೆ ಹಾರುತ್ತೆ. ಅದನ್ನ ತಡೆಯೋಕೆ ಹಾಕ್ತಿದ್ದಿದ್ದೇ ಪಿಎಫ್‌ಓಎಸ್ ಅನ್ನೋ ಕೆಮಿಕಲ್. ಕೆಲಸದವರ ಶ್ವಾಸಕೋಶಕ್ಕೆ ಒಳ್ಳೇದು ಮಾಡ್ತು, ನೀರಿಗೆ ಸೇರಿ ನಾಶವಾಗದೆ ಉಳಿದುಬಿಡ್ತು. 2009ರಲ್ಲಿ ಇದು, ಪರಿಸರದಲ್ಲಿ ನಾಶವಾಗದೆ ಉಳಿಯೋ ವಿಷಗಳನ್ನ ತಡೆಯೋ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದಾಗ ಪ್ಲೇಟಿಂಗಿಗೆ ವಿನಾಯ್ತಿ ಇತ್ತು, 2019ರಲ್ಲಿ ಅದನ್ನ ನೀರು ಹೊರಗೆ ಬಿಡದೆ ಮುಚ್ಚಿದ ವ್ಯವಸ್ಥೇಲಿ ಮಾಡೋ ಹಾರ್ಡ್ ಕ್ರೋಮಿಗೆ ಮಾತ್ರ ಅಂತ ಇಳಿಸಿದ್ರು. ಅಮೆರಿಕದಲ್ಲಿ 2015ರಿಂದಲೇ ಕ್ರೋಮ್ ಟ್ಯಾಂಕಿಗೆ ಪಿಎಫ್‌ಓಎಸ್ ಇರೋದು ಹಾಕೋ ಹಾಗಿಲ್ಲ. ಗಾಳಿಯ ಕಾನೂನು ಪಾಲಿಸೋಕೆ ಅಂತ ಹಾಕಿದ್ದೇ ನೀರಿನ ಕಾನೂನಿಗೆ ಸಮಸ್ಯೆ ಆಯ್ತು, ಎರಡನ್ನೂ ಒಟ್ಟಿಗೆ ನೋಡೋ ಇಲಾಖೆ ಎಷ್ಟೋ ದೇಶದಲ್ಲಿ ಇಲ್ಲ.

ಪ್ರಶ್ನೆ: ಸಾರ್, ನಾನು ಕ್ರೋಮ್ ಲೈನಲ್ಲೇ ಕೆಲಸ ಮಾಡೋದು. ಕಾನೂನೆಲ್ಲ ಸರಿ, ಇವತ್ತು ನಾನೇನು ನೋಡ್ಕೋಬೇಕು ಅದನ್ನ ಹೇಳಿ.

ನಿಮ್ಮ ಪತ್ರಕ್ಕೆ ಮೊದಲು ಉತ್ತರ ಬರೀಬೇಕಿತ್ತು, ತಡ ಆಯ್ತು, ಕ್ಷಮಿಸಿ. ಟ್ಯಾಂಕಿನ ಅಂಚಲ್ಲಿ ಎಕ್ಸಾಸ್ಟ್ ಎಳೀತಿದೆಯಾ ಅಂತ ಶಿಫ್ಟ್ ಶುರುವಿಗೆ ಒಂದು ತೆಳು ಕಾಗದದ ಪಟ್ಟಿ ಹಿಡಿದು ನೋಡಿ, ಕಾಗದ ಒಳಕ್ಕೆ ವಾಲಬೇಕು, ವಾಲದಿದ್ರೆ ರೆಕ್ಟಿಫೈಯರ್ ಆನ್ ಮಾಡೋಕೆ ಮುಂಚೆ ಹೇಳಿ. ಪೀಸು ಮೇಲೆತ್ತಿದಾಗ ತೊಟ್ಟಿ ಮೇಲೇನೇ ಸ್ವಲ್ಪ ಹೊತ್ತು ಹಿಡೀರಿ, ತೊಟ್ಟೀಲಿ ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್ ಇರುತ್ತೆ, ತೊಟ್ಟಿಗೇ ವಾಪಸ್ ಬಿದ್ದ ಪ್ರತಿ ಹನಿಯೂ ನೆಲಕ್ಕೆ, ನಿಮ್ಮ ಶೂಗೆ, ತೊಳೆಯೋ ನೀರಿಗೆ ಹೋಗೋದು ತಪ್ಪುತ್ತೆ. ನೀರು ಟ್ರೀಟ್ ಮಾಡೋ ಕಡೆ ನಿಮಗೆ ಡ್ಯೂಟಿ ಬಿದ್ರೆ, ಕ್ರೋಮ್ ನೀರಿಗೆ ಪಿಎಚ್ 2ರಿಂದ 3ರೊಳಗೆ ಇಳಿಸಿ ಬೈಸಲ್ಫೈಟ್ ಹಾಕ್ತಾ ಹೋದ ಹಾಗೆ ಕಿತ್ತಳೆ ಹಳದಿ ಬಣ್ಣ ಮಾಸಿ ಹಸಿರಿಗೆ ತಿರುಗುತ್ತೆ. ಪೂರ್ತಿ ತಿರುಗೋವರೆಗೂ ಕಾಯಿರಿ, ಅರ್ಧ ಹಸಿರಾದಾಗಲೇ ಸುಣ್ಣ ಹಾಕಿಬಿಟ್ರೆ ಉಳಿದ ಹೆಕ್ಸಾವೇಲೆಂಟ್ ತಳಕ್ಕೆ ಕೂರದೆ ನೀರಿನ ಜೊತೆ ಹಾಗೇ ಆಚೆ ಹೋಗುತ್ತೆ. ಅದೇ ಶಾಪಲ್ಲಿ ಸಯನೈಡ್ ಜಿಂಕೋ ಕಾಪರೋ ಇದ್ರೆ ಆ ನೀರಿನ ಪೈಪು ಈ ಆಸಿಡ್ ನೀರಿನ ಪೈಪಿಗೆ ಎಲ್ಲೂ ಸೇರಬಾರದು, ಬಕೆಟ್ ಕೂಡ ಬೇರೆ ಇರ್ಬೇಕು, ಎರಡು ಸೇರಿದ್ರೆ ಹುಟ್ಟೋ ಗ್ಯಾಸ್ ಕ್ಷಣಗಳಲ್ಲಿ ಪ್ರಾಣ ತೆಗೆಯುತ್ತೆ.

ಕೊನೇದಾಗಿ ನಿಮ್ಮ ಮೂಗು. ಒಳಗೆ ಪದೇ ಪದೇ ಹಕ್ಕಳೆ ಕಟ್ತಿದ್ರೆ, ರಕ್ತ ಬರ್ತಿದ್ರೆ, ಉಸಿರೆಳೆದಾಗ ಸಿಳ್ಳೆ ಥರ ಸಣ್ಣ ಶಬ್ದ ಕೇಳಿದ್ರೆ ಅದು ನೆಗಡಿ ಅಂತ ಬಿಟ್ಬಿಡಬೇಡಿ, ಕ್ರೋಮ್ ಮಂಜಿಗೆ ಮೂಗಿನ ನಡುವಿನ ಗೋಡೆ ತೂತು ಬೀಳುತ್ತೆ, ಎಷ್ಟೋ ಜನಕ್ಕೆ ನೋವೇ ಇರಲ್ಲ. ಕಿವಿ ಮೂಗು ಗಂಟಲು ಡಾಕ್ಟರ ಹತ್ರ ಹೋಗಿ "ನಾನು ಕ್ರೋಮಿಕ್ ಆಸಿಡ್ ಟ್ಯಾಂಕ್ ಹತ್ರ ಕೆಲಸ ಮಾಡ್ತೀನಿ" ಅಂತ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳೋವರೆಗೆ ಕಾಯಬೇಡಿ. ಹೋಗಿ ಬಂದ ಮೇಲೆ ಏನಂದ್ರು ಅಂತ ನನಗೊಂದು ಪತ್ರ ಹಾಕಿ.